ಮರದ ಅಳತೆಗೆ ನಿಂತ ಚಂದ್ರು

ಗಂಡಸರ ಸ್ನೇಹವೇ ಒಂದು ವಿಚಿತ್ರ. ಗೆಳೆಯನ ಸಕ್ಕರೆ ಊಟಕ್ಕೆ ಮೊದಲು ಎಷ್ಟು, ಊಟದ ಮೇಲೆ ಎಷ್ಟು ಎಂಬುದು ನಮಗೆ ಬಾಯಿಪಾಠವಾಗಿರುತ್ತದೆ. ಅವನು ಯಾವ ಭಾವಮೈದುನನ ಜೊತೆ ಮಾತು ಬಿಟ್ಟಿದ್ದಾನೆ, ಯಾವ ಹೋಟೆಲಿನ ಚಟ್ನಿಗೆ ಮುಖ ಸಿಂಡರಿಸುತ್ತಾನೆ, ಎಲ್ಲವೂ ಗೊತ್ತು. ಆದರೆ ಅವನ ಬಲಗೆನ್ನೆಯ ಮೇಲೆ ಮಚ್ಚೆ ಇದೆಯೋ ಎಡಗೆನ್ನೆಯ ಮೇಲೋ ಎಂದು ಕೇಳಿದರೆ ತಬ್ಬಿಬ್ಬಾಗುತ್ತೇವೆ. ಯಾಕೆಂದರೆ ನಾವು ಒಬ್ಬರ ಮುಖ ಒಬ್ಬರು ನೋಡಿದ್ದೇ ಕಡಿಮೆ. ಪಕ್ಕಪಕ್ಕದಲ್ಲಿ ನಡೆಯುತ್ತಾ, ಪಕ್ಕಪಕ್ಕದಲ್ಲಿ ಕೂತು ಕಾಫಿ ಕುಡಿಯುತ್ತಾ, ಎದುರಿಗೆ ಕಾಣುವ ಗುಂಡಿಯನ್ನೋ ಟ್ರಾಫಿಕ್ಕನ್ನೋ ಇಬ್ಬರೂ ಸೇರಿ ಬೈಯುತ್ತಾ ಆಯುಷ್ಯ ಕಳೆದುಬಿಡುತ್ತೇವೆ. ನನ್ನ ಮತ್ತು ಚಂದ್ರುವಿನ ಸ್ನೇಹವೂ ಇದೇ ಜಾತಿಯದು. ಇಷ್ಟಕ್ಕೆ ನಿಂತಿದ್ದರೆ ಪರವಾಗಿರಲಿಲ್ಲ. ಆದರೆ ನನ್ನ ಕೈಯಲ್ಲಿ ಒಂದು ಕ್ಯಾಮೆರಾ ಬೇರೆ ಇತ್ತು.

ಬನಶಂಕರಿಯ ನಮ್ಮ ರಸ್ತೆಯಲ್ಲಿ ನಾನು ಫೋಟೋಗ್ರಾಫರ್ ಎಂದೇ ಹೆಸರುವಾಸಿ. ನಿಜವಾದ ಕಸುಬು ನಕ್ಷೆ ಬಿಡಿಸುವುದು. ಜಯನಗರದ ಒಬ್ಬ ಆರ್ಕಿಟೆಕ್ಟ್ ಹತ್ತಿರ ಡ್ರಾಫ್ಟ್ಸ್‌ಮನ್ ಆಗಿ ಸೇರಿದವನು ಅಲ್ಲೇ ತಲೆ ನರೆಸಿಕೊಂಡು ಹೊರಗೆ ಬಂದೆ. ನಮ್ಮ ಕೆಲಸದಲ್ಲಿ ಒಂದು ಪದ್ಧತಿಯಿದೆ. ಕಟ್ಟಡದ ಮುಂಭಾಗದ ಚಿತ್ರ ಬರೆದ ಮೇಲೆ ಅದರ ಬಾಗಿಲ ಹತ್ತಿರ ಒಬ್ಬ ಪುಟ್ಟ ಮನುಷ್ಯನನ್ನು ಬಿಡಿಸಬೇಕು. ಅವನನ್ನು ನೋಡಿದರೆ ಮನೆ ಕಟ್ಟಿಸುವವರಿಗೆ ಕಟ್ಟಡ ಎಷ್ಟು ಎತ್ತರ ಎಂದು ತಿಳಿಯುತ್ತದೆ. ಅವನಿಗೆ ಕಣ್ಣು, ಮೂಗು, ಬಾಯಿ ಯಾವುದೂ ಇರುವುದಿಲ್ಲ. ಬೇಕಾಗಿಯೂ ಇಲ್ಲ. ಅಂಥವರನ್ನು ಲೆಕ್ಕವಿಲ್ಲದಷ್ಟು ಬಿಡಿಸಿದ ನನ್ನ ತಲೆಯಲ್ಲಿ, ದೊಡ್ಡದೇನೇ ಕಂಡರೂ ಅದರ ಬುಡದಲ್ಲಿ ಒಬ್ಬ ಮನುಷ್ಯ ಇರಲೇಬೇಕು ಎಂಬುದು ಬೇರು ಬಿಟ್ಟಿತು.

ನನಗೆ ಮರಗಳ ಫೋಟೋ ತೆಗೆಯುವ ಹುಚ್ಚು. ಜಯನಗರದ ಮಳೆಮರಗಳು, ಉತ್ತರಹಳ್ಳಿಯ ಕಟ್ಟೆಯ ಅರಳಿ, ಜೆ.ಪಿ. ನಗರದಲ್ಲಿ ಬೇಸಿಗೆ ಬಂದರೆ ಮೈತುಂಬ ಕೆಂಪಾಗುವ ಗುಲ್‌ಮೊಹರ್, ಒಂದನ್ನೂ ಬಿಟ್ಟಿಲ್ಲ. ಭಾನುವಾರ ಬೆಳಿಗ್ಗೆ ಚಂದ್ರುವಿನ ಸ್ಕೂಟರಿನ ಹಿಂದೆ ಕೂತು ಹೊರಡುತ್ತಿದ್ದೆ. ಚಂದ್ರು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮರ, ಹೂವು, ಬೆಳಕು ಯಾವುದರ ಗೊಡವೆಯೂ ಅವನಿಗಿಲ್ಲ. ಆಮೇಲೆ ತಿನ್ನುವ ಖಾಲಿ ದೋಸೆಗಾಗಿ ಬರುತ್ತಾನೆ ಎಂದು ನಾನು ನಂಬಿದ್ದೆ. ಮರ ಸಿಕ್ಕ ಕೂಡಲೇ ನಾನು ರಸ್ತೆಯ ಆಚೆ ಬದಿಗೆ ಓಡುತ್ತಿದ್ದೆ, ಅವನು ಹೇಳಿಸಿಕೊಳ್ಳದೆ ಬುಡಕ್ಕೆ ಹೋಗಿ ನಿಲ್ಲುತ್ತಿದ್ದ. "ಸ್ವಲ್ಪ ಎಡಕ್ಕೆ ಬಾರೋ. ಇನ್ನೂ ಸ್ವಲ್ಪ. ಹಾಂ, ಅಲ್ಲಾಡ್ಬೇಡ." ಅವನು ಅಲ್ಲಾಡುತ್ತಿರಲಿಲ್ಲ. ಒಮ್ಮೆ ಕೆಂಜಿರುವೆ ಪ್ಯಾಂಟಿನೊಳಗೆ ಹತ್ತಿದಾಗಲೂ ನಾನು ಕ್ಲಿಕ್ಕಿಸುವ ತನಕ ತಡೆದುಕೊಂಡು, ಆಮೇಲೆ ನಡುರಸ್ತೆಯಲ್ಲಿ ಕುಣಿದ. ಆ ಕುಣಿತದ ಫೋಟೋ ನಾನು ತೆಗೆಯಲಿಲ್ಲ. ಮರ ಸರಿಯಾಗಿ ಬಂದಿತ್ತಲ್ಲ, ಸಾಕಿತ್ತು.

ಹೀಗೆ ಆರಾಮಾಗಿದ್ದಾಗ ಚಂದ್ರು ಹುಳಿಮಾವಿಗೆ ಹೊರಟು ನಿಂತ. ಅವನದು ಮೊದಲ ಮಹಡಿಯ ಮನೆ, ಮೆಟ್ಟಿಲು ಹತ್ತಲು ಮಂಡಿ ಒಪ್ಪುತ್ತಿರಲಿಲ್ಲ. ಹುಳಿಮಾವಿನ ಅಪಾರ್ಟ್‌ಮೆಂಟಿನಲ್ಲಿ ಲಿಫ್ಟ್ ಇದೆ, ಅದೇ ಕಟ್ಟಡದಲ್ಲಿ ಮಗಳೂ ಇದ್ದಾಳೆ. ಹೊರಗಿನವರು ಕೇಳಿದರೆ ಬನಶಂಕರಿಯಿಂದ ಹುಳಿಮಾವು ಎಷ್ಟು ದೂರ ಮಹಾ ಎನ್ನುತ್ತಾರೆ. ಬನ್ನೇರುಘಟ್ಟ ರಸ್ತೆಯಲ್ಲಿ ಸಂಜೆ ಹೊತ್ತು ಸಿಕ್ಕಿಹಾಕಿಕೊಂಡವರು ಹಾಗೆನ್ನುವುದಿಲ್ಲ. ದಿನಾ ಬೆಳಿಗ್ಗೆ ಪಾರ್ಕಿನ ಗೇಟಿನಲ್ಲಿ ಕಾಣುವ ಗೆಳೆಯ ಇನ್ನು ಮೇಲೆ ಹಬ್ಬಕ್ಕೊಮ್ಮೆ ಕಾಣುವ ನೆಂಟನಾಗುತ್ತಾನೆ. ಇದು ಇಬ್ಬರಿಗೂ ಗೊತ್ತಿತ್ತು. ಲಿಫ್ಟಿಗೆ ಜನರೇಟರ್ ಇದೆಯೇ ಎಂಬುದನ್ನು ಮಾತ್ರ ಬಹಳ ಹೊತ್ತು ಚರ್ಚಿಸಿದೆವು.

ಚಂದ್ರುವಿನ ಹೆಂಡತಿ ವಿಮಲಾ ಹೊಸ ಮನೆಯ ಹಾಲಿನ ಒಂದು ಗೋಡೆಯನ್ನು ಫೋಟೋಗಳಿಗೆಂದೇ ಬಿಟ್ಟಿದ್ದರು. ಅತ್ತೆ ಮಾವ, ಮಗಳ ಮದುವೆ, ಮೊಮ್ಮಗು, ಎಲ್ಲಕ್ಕೂ ಕಟ್ಟು ಹಾಕಿಸಿ, ಒಂದು ಕಟ್ಟನ್ನು ಮಾತ್ರ ಖಾಲಿ ಇಟ್ಟಿದ್ದರು. "ಮೂರ್ತಿಯವರೇ, ಇದು ನೀವಿಬ್ರೂ ಇರೋ ಫೋಟೋಗೆ. ಅವ್ರು ನಿಮಗೆ ಬಾಯ್ಬಿಟ್ಟು ಹೇಳಲ್ಲ, ಆದ್ರೆ ನನ್ನ ದಿನಾ ಕೇಳ್ತಿದಾರೆ, ಮೂರ್ತಿ ಕೊಟ್ನಾ ಅಂತ. ನಿಮ್ಮತ್ರ ಬೇಕಾದಷ್ಟಿರುತ್ತಲ್ಲ?" ಎಂದರು. "ಒಂದ್ಯಾಕೆ ವಿಮಲಾ, ಗೋಡೆ ತುಂಬ ಕೊಡ್ತೀನಿ!" ಎಂದು ಎದೆ ಉಬ್ಬಿಸಿ ಬಂದೆ.

ಮನೆಗೆ ಬಂದು ಕಂಪ್ಯೂಟರ್ ತೆರೆದೆ. ಮಳೆಮರ, ಅರಳಿ, ಹೊಂಗೆ, ಮತ್ತೆ ಮಳೆಮರ. ಪ್ರತಿಯೊಂದರ ಬುಡದಲ್ಲೂ ಹೆಸರುಕಾಳಿನಷ್ಟು ಚಂದ್ರು. ದೊಡ್ಡದು ಮಾಡಿದರೆ ಮುಖವೆಲ್ಲ ಚೌಕ ಚೌಕವಾಗಿ ಒಡೆಯುತ್ತಿತ್ತು. ಅವನ ಮುಖ ಸರಿಯಾಗಿ ಕಾಣುವ ಫೋಟೋ ಇರಲಿಲ್ಲ, ನಾವಿಬ್ಬರೂ ಇರುವುದಂತೂ ಮೊದಲೇ ಇರಲಿಲ್ಲ, ಕ್ಯಾಮೆರಾ ಹಿಡಿದವನು ನಾನೇ ತಾನೆ. ಹಿಂದೆ ನಿಂತು ನೋಡುತ್ತಿದ್ದ ನನ್ನ ಹೆಂಡತಿ ಗೀತಾ, "ರೀ, ಈ ಮರ ಮೆಟ್ರೋಗೆ ಕಡಿದ್ರಲ್ವಾ?" ಎಂದಳು. ಹೌದು. ಅದರ ಮುಂದಿನದೂ ಹೋಗಿತ್ತು, ಅದರಾಚೆಯದು ಗಾಳಿಗೆ ಬಿದ್ದಿತ್ತು. "ನಿಮ್ ಮರಗಳೆಲ್ಲ ಹೋದ್ವು. ಚಂದ್ರಣ್ಣ ಒಬ್ರೇ ಗಟ್ಟಿಯಾಗಿ ನಿಂತಿರೋದು. ಅವ್ರನ್ನ ಒಂದ್ಸಲನಾದ್ರೂ ಹತ್ರದಿಂದ ತೆಗೀಬಾರ್ದಿತ್ತಾ?" ಅಷ್ಟು ಹೇಳಿದರೂ ನನಗೆ ಬುದ್ಧಿ ಬರಲಿಲ್ಲ. ಇದ್ದುದರಲ್ಲೇ ಚಂದ್ರು ಕಡಲೆಕಾಳಿನಷ್ಟಾದರೂ ಕಾಣುವ ಒಂದನ್ನು ಆರಿಸಿ ಅವನ ಮೊಬೈಲಿಗೆ ಕಳಿಸಿದೆ.

ಸ್ವಲ್ಪ ಹೊತ್ತಿಗೆ ಫೋನು ಬಂತು. "ಮೂರ್ತಿ, ಮರ ಚೆನ್ನಾಗ್ ಬಂದಿದೆ ಕಣೋ," ಎಂದ. ದನಿಯಲ್ಲಿ ಉಪ್ಪಿಲ್ಲ, ಹುಳಿಯಿಲ್ಲ. "ವಿಮಲಂಗೆ ಹೇಳ್ತೀನಿ ಬಿಡು, ಆ ಫ್ರೇಮಿಗೆ ಯಾವ್ದಾದ್ರೂ ದೇವರ ಪಟ ಹಾಕು ಅಂತ." ಫೋನು ಇಟ್ಟುಬಿಟ್ಟ. ಮರುದಿನ ಪಾರ್ಕಿಗೆ ಬರಲಿಲ್ಲ. ಅದರ ಮರುದಿನವೂ ಬರಲಿಲ್ಲ. ಚಂದ್ರು ಕೂಗಾಡುವವನಾಗಿದ್ದರೆ ನಾನೂ ಕೂಗಾಡಿ ಹಗುರಾಗುತ್ತಿದ್ದೆ. ಸುಮ್ಮನಿರುವವನ ಹತ್ತಿರ ಏನು ಮಾಡುವುದು? ಈ ಬೇಸರವನ್ನು ಸಾಮಾನಿನ ಜೊತೆ ಕಟ್ಟಿಕೊಂಡು ಅವನು ಹುಳಿಮಾವಿಗೆ ಹೋಗಿಬಿಟ್ಟರೆ ಅಲ್ಲಿಂದ ಅದನ್ನು ಬಿಚ್ಚಿಸುವುದು ನನ್ನಿಂದಾಗದು ಎಂದು ಹೆದರಿಕೆಯಾಯಿತು.

ಆಗ ನಮ್ಮಪ್ಪನ ಒಂದು ಫೋಟೋ ನೆನಪಾಯಿತು. ಸ್ಟುಡಿಯೋದ ಪರದೆಯ ಮುಂದೆ ಎರಡು ಕುರ್ಚಿ, ಒಂದರಲ್ಲಿ ಅಪ್ಪ, ಇನ್ನೊಂದರಲ್ಲಿ ಅವರ ಗೆಳೆಯ ರಾಮಣ್ಣ. ಇಬ್ಬರೂ ಕೋಟು ಹಾಕಿ, ಕಿರುಬೆರಳಿಗೆ ಕಿರುಬೆರಳು ಸಿಕ್ಕಿಸಿಕೊಂಡು, ಕ್ಯಾಮೆರಾವನ್ನು ಗದರಿಸುವ ಹಾಗೆ ನೋಡುತ್ತಿದ್ದಾರೆ. ನನ್ನ ಜ್ಞಾಪಕದಲ್ಲಿ ಅಪ್ಪ ಅಮ್ಮನ ಕೈ ಹಿಡಿದದ್ದಿಲ್ಲ, ನಮ್ಮನ್ನು ಮುದ್ದಾಡಿದ್ದಿಲ್ಲ. ಅಂಥವರು ಗೆಳೆಯನ ಬೆರಳು ಹಿಡಿದುಕೊಳ್ಳಲು ಸ್ಟುಡಿಯೋಗೆ ಹೋಗಿ ಕಾಸು ಕೊಟ್ಟು ಬಂದಿದ್ದರು. ನಾನೂ ಚಂದ್ರುವೂ ಹುಡುಗರಾಗಿದ್ದಾಗ ಹೆಗಲ ಮೇಲೆ ಕೈ ಹಾಕಿಕೊಂಡೇ ಊರು ಸುತ್ತಿದವರು. ಆ ಕೈಗಳು ಯಾವಾಗ ಕೆಳಗಿಳಿದು ಪ್ಯಾಂಟಿನ ಜೇಬು ಸೇರಿದವೋ ಗೊತ್ತಾಗಲೇ ಇಲ್ಲ.

ಗೀತಾಳನ್ನು ಕರೆದುಕೊಂಡು ಚಂದ್ರುವಿನ ಮನೆಗೆ ಹೋದೆ. ರಟ್ಟಿನ ಡಬ್ಬಗಳ ನಡುವೆ ಕೂತು ಹಳೆಯ ಪೇಪರಿನಲ್ಲಿ ಲೋಟ ಸುತ್ತುತ್ತಿದ್ದ. ತಲೆ ಎತ್ತಲಿಲ್ಲ. "ಲೋ ಚಂದ್ರು, ಏಳೋ. ಫೋಟೋ ತೆಗೆಸ್ಕೊಳೋಣ."

"ಯಾವ್ ಮರ?" ಎಂದ.

"ಮರ ಇಲ್ಲ. ನೀನು, ನಾನು."

"ಅದ್ರಲ್ಲಿ ನೋಡೋಕೇನಿದೆ?" ಎಂದ. ಆದರೆ ಎದ್ದ. ಒಳಗೆ ಹೋಗಿ ಕಟ್ಟಿಟ್ಟಿದ್ದ ಡಬ್ಬ ಬಿಚ್ಚಿ ಇಸ್ತ್ರಿ ಮಾಡಿದ ಶರ್ಟು ಹಾಕಿಕೊಂಡು, ತಲೆಗೆ ನೀರು ಸವರಿ ಬಾಚಿಕೊಂಡು ಬಂದ. ಅದನ್ನು ನೋಡಿ ನನಗೆ ಅಯ್ಯೋ ಅನ್ನಿಸಿತು. ಇಷ್ಟು ವರ್ಷ ಮರದ ಬುಡದಲ್ಲಿ ನಿಲ್ಲುವಾಗಲೂ ಅವನು ಬಾಚಿಕೊಂಡೇ ಬರುತ್ತಿದ್ದನಲ್ಲವೇ?

ಮನೆಯ ಮುಂದಿನ ರಸ್ತೆಯಲ್ಲಿ ನಿಂತೆವು. ಗೀತಾ ಕ್ಯಾಮೆರಾ ಹಿಡಿದಳು, ವಿಮಲಾ ಮೇಲ್ವಿಚಾರಣೆಗೆ ನಿಂತರು. ನಾವು ಮದುವೆ ರಿಸೆಪ್ಷನ್ನಿನಲ್ಲಿ ವರನ ಪಕ್ಕ ನಿಲ್ಲುವವರ ಹಾಗೆ ಕೈ ಮುಂದೆ ಕಟ್ಟಿಕೊಂಡು, ಮಧ್ಯೆ ಒಂದು ಸ್ಕೂಟರ್ ಹೋಗುವಷ್ಟು ಜಾಗ ಬಿಟ್ಟಿದ್ದೆವು. "ಹತ್ರ ಬನ್ರೀ," ಎಂದಳು ಗೀತಾ. ಅವನು ಒಂದಿಷ್ಟು ಸರಿದ, ನಾನು ಒಂದಿಷ್ಟು ಸರಿದೆ. "ಅರ್ಜಿ ಕೊಡೋಕ್ ಬಂದೋರ ಥರ ನಿಂತಿದೀರಲ್ಲ!" ಎಂದು ವಿಮಲಾ ತಲೆ ಚಚ್ಚಿಕೊಂಡರು. ಅಷ್ಟರಲ್ಲಿ ನಮ್ಮಿಂದ ದಾರಿ ಸಿಗದೆ ಕಾಯುತ್ತಿದ್ದ ಆಟೋದವನು ತಲೆ ಹೊರಗೆ ಹಾಕಿ, "ಅಂಕಲ್, ಹೆಗಲ್ ಮೇಲೆ ಕೈ ಹಾಕಿ, ಏನೂ ಆಗಲ್ಲ. ನಾನೂ ಬಾಡಿಗೆಗೆ ಹೋಗ್ಬೇಕು!" ಎಂದ.

ಆಟೋದವನ ಬಾಡಿಗೆ ತಪ್ಪಿಸಬಾರದೆಂದು ಕೈ ಹಾಕಿದೆ. ಶರ್ಟಿನ ಕೆಳಗೆ ಮೂಳೆ ಸಿಕ್ಕಿತು. ನನಗೆ ನೆನಪಿದ್ದ ಹೆಗಲು ಅದಲ್ಲ. ಯಾವಾಗ ಇಷ್ಟು ಇಳಿದುಹೋದ ಇವನು? ತಿರುಗಿ ನೋಡಿದೆ. ಮಚ್ಚೆ ಎಡಗೆನ್ನೆಯ ಮೇಲಿತ್ತು. ಹುಬ್ಬು ಬೆಳ್ಳಗಾಗಿತ್ತು. ಇವನು ಹೋಗಿಬಿಡುತ್ತಾನೆ ಎಂದು ಆಗ ಮೊದಲ ಸಲ ಸರಿಯಾಗಿ ಅರ್ಥವಾಯಿತು. ಚಂದ್ರು ಮುಂದೆ ನೋಡುತ್ತಲೇ, "ನಿನ್ ಕೈ ಭಾರ ಕಣೋ," ಎಂದ.

"ತೆಗೀಲಾ?"

"ಇರ್ಲಿ."

ಗೀತಾ ಕ್ಲಿಕ್ಕಿಸಿದಳು. ಕ್ಯಾಮೆರಾದಲ್ಲಿ ತೋರಿಸಿದಾಗ, ಹಾಳು ಅಭ್ಯಾಸ ನೋಡಿ, "ಹಿಂದಿನ ಹೊಂಗೆ ಮರ ಪೂರ್ತಿ ಬಂದಿಲ್ವಲ್ಲೇ," ಎಂದುಬಿಟ್ಟೆ. ಮೂವರೂ ಒಟ್ಟಿಗೆ ಬೈದರು. ಚಂದ್ರುವಿನದೇ ಎಲ್ಲರಿಗಿಂತ ದೊಡ್ಡ ದನಿ, ಅದನ್ನು ಕೇಳಿ ನನಗೆ ಜೀವ ಬಂತು.

ಹೋದ ವಾರ ಹುಳಿಮಾವಿನಲ್ಲಿ ಗೃಹಪ್ರವೇಶ. ಎರಡು ಬಸ್ಸು ಬದಲಾಯಿಸಿ ನಾವು ತಲುಪುವ ಹೊತ್ತಿಗೆ ಹೋಮ ಮುಗಿದಿತ್ತು. ಗೋಡೆಯ ನಡುಮಧ್ಯದಲ್ಲಿ ನಮ್ಮ ಫೋಟೋ. ಬಾಯಿತುಂಬ ಹೋಳಿಗೆ ಇಟ್ಟುಕೊಂಡು ಹೆಮ್ಮೆಯಿಂದ ನೋಡುತ್ತಿದ್ದೆ. ಎದುರು ಫ್ಲಾಟಿನ ಒಬ್ಬರು ಬಂದು, "ಇದು ನೀವು ಸಾರ್, ಗೊತ್ತಾಯ್ತು. ಪಕ್ಕದಲ್ಲಿರೋರು ಯಾರು?" ಎಂದು ಚಂದ್ರುವನ್ನು ಕೇಳಿದರು.

ಚಂದ್ರು ಮೇಷ್ಟ್ರ ಮುಖ ಮಾಡಿಕೊಂಡು, "ಅವ್ನಾ? ನಾನೆಷ್ಟು ಎತ್ತರ ಅಂತ ನೋಡೋರಿಗೆ ಗೊತ್ತಾಗ್ಲಿ ಅಂತ ಪಕ್ಕಕ್ಕೆ ನಿಲ್ಲಿಸ್ಕೊಂಡಿದ್ದೆ," ಎಂದ.

ನಾನು ಹೋಳಿಗೆ ನುಂಗಿ ಬೆನ್ನು ನೆಟ್ಟಗೆ ಮಾಡಿಕೊಂಡೆ. ಅವರು ಫೋಟೋ ನೋಡಿದರು, ನನ್ನನ್ನು ನೋಡಿದರು, ಮತ್ತೆ ಫೋಟೋ ನೋಡಿದರು. ಎತ್ತರ ಸರಿಹೋಯಿತೋ ಏನೋ, ತಲೆಯಾಡಿಸಿದರು. ಅಷ್ಟರಲ್ಲಿ ಚಂದ್ರುವಿನ ಮಗಳು ಮೊಬೈಲ್ ಎತ್ತಿ, "ಅಪ್ಪಾ, ಹೊಸ ಮನೇಲೊಂದು!" ಎಂದಳು. ಚಂದ್ರು ಗೋಡೆಗೆ ಬೆನ್ನು ಕೊಟ್ಟು ನಿಂತು ನನ್ನ ಕಡೆ ತಿರುಗಿದ.

"ಸ್ವಲ್ಪ ಎಡಕ್ಕೆ ಬಾರೋ. ಇನ್ನೂ ಸ್ವಲ್ಪ. ಹಾಂ, ಅಲ್ಲಾಡ್ಬೇಡ."

ನಾನು ಅಲ್ಲಾಡಲಿಲ್ಲ.