ನೊಣಗಳಿಗೂ ಒಂದು ಪಂಕ್ತಿ

ಮಂಡ್ಯ ಸೀಮೆಯಲ್ಲಿ ಬೇಸಿಗೆ ಅಂದರೆ ಬೀಗರೂಟ, ಬೀಗರೂಟ ಅಂದರೆ ನೊಣ. ಮದ್ದೂರಿನಲ್ಲಿ ಅಡುಗೆ ಕಂಟ್ರಾಕ್ಟು ಹಿಡಿದೇ ನನ್ನ ತಲೆ ನರೆತಿದೆ. ಉಪ್ಪು ಹೆಚ್ಚಾಯಿತೆಂದು ಬೈಸಿಕೊಂಡಿದ್ದು ಕಡಿಮೆ, ನೊಣದ ದೆಸೆಯಿಂದ ಬೈಸಿಕೊಂಡಿದ್ದೇ ಜಾಸ್ತಿ. ಪಾತ್ರೆ ಸಾಮಾನಿನ ಜೊತೆ ನೊಣವನ್ನೂ ನಾನೇ ಟೆಂಪೋದಲ್ಲಿ ತುಂಬಿಕೊಂಡು ಬರುತ್ತೇನೆ ಅಂತ ಜನ ತಿಳಿದಂತಿದೆ.

ಹೊಗೆ

ಕೊತ್ತತ್ತಿಯಲ್ಲಿ ನಾಲೆ ಪಕ್ಕದ ಬಯಲಿನಲ್ಲಿ ಬೀಗರೂಟದ ಶಾಮಿಯಾನ. ನಾವು ಎಲೆ ಹಾಕುವ ಮೊದಲೇ ನೊಣಗಳು ಬಂದು ಕೂತಿದ್ದವು.

"ಬೇವಿನ ಸೊಪ್ಪಿನ ಹೊಗೆ ಹಾಕಿಸ್ತೀನಿ, ಒಂದೂ ಉಳಿಯಕಿಲ್ಲ" ಅಂದರು ಯಜಮಾನರು.

"ಬ್ಯಾಡಿ ಗೌಡ್ರೇ, ಗಾಳಿ ಈ ಕಡೀಕೇ ಬೀಸ್ತಾ ಅದೆ" ಅಂದೆ.

"ನೀನು ಮುದ್ದೆ ನೋಡ್ಕೊ, ಹೊಗೆ ನಾನು ನೋಡ್ಕತೀನಿ" ಅಂದವರೇ ಹಸಿ ಸೊಪ್ಪನ್ನೇ ಬೆಂಕಿಗೆ ತುಂಬಿಸಿದರು.

ನೊಣ ಕದಲಲಿಲ್ಲ. ಉಣ್ಣುತ್ತಿದ್ದವರು ಮಾತ್ರ ಕಣ್ಣು ಮೂಗು ಒರೆಸಿಕೊಳ್ಳುತ್ತ ಬಿಕ್ಕಿ ಬಿಕ್ಕಿ ಮುದ್ದೆ ನುಂಗಿದರು. ಆಗಷ್ಟೇ ಬಸ್ಸಿಳಿದು ಬಂದ ಗಂಡಿನ ಸೋದರತ್ತೆ ಎಲ್ಲರೂ ಅಳುವುದನ್ನು ನೋಡಿ, ಅಲ್ಲೇ ಕುಸಿದು ಕೂತು ಎದೆ ಬಡಿದುಕೊಂಡರು. ಚೆನ್ನಾಗಿ ಅತ್ತು ಮುಗಿಸಿ ಪಕ್ಕದವಳನ್ನು ಕೇಳಿದರು: "ಅದ್ಸರಿ, ಓಗಿದ್ದು ಯಾರು ಕಣಮ್ಮ?"

ನೀರಿನ ಕವರು

ನಿಡಘಟ್ಟದಲ್ಲಿ ಒಬ್ಬ ಮೇಷ್ಟ್ರ ಮನೆ ಗೃಹಪ್ರವೇಶ. "ಮೊಬೈಲಲ್ಲಿ ನೋಡಿದೀನಿ. ಪ್ಲಾಸ್ಟಿಕ್ ಕವರಿಗೆ ನೀರು ತುಂಬಿ ನೇತು ಹಾಕಿದರೆ, ಬೆಳಕು ಬಿದ್ದು ನೊಣ ಹೆದರಿ ಓಡುತ್ತೆ" ಅಂದರು.

"ನಂಗೇ ಹೆದರದ ನೊಣ ನೀರಿಗೆ ಹೆದರ್ತದಾ ಸಾರ್?"

ದಡ್ಡ ಹುಡುಗನನ್ನು ನೋಡುವಂತೆ ನನ್ನನ್ನು ನೋಡಿದರು. ಸರಿ, ಒಗ್ಗರಣೆ ಬಿಟ್ಟು ಬೆಳಿಗ್ಗೆಯೆಲ್ಲ ಕವರಿಗೆ ನೀರು ತುಂಬಿ ಕಂಬಕ್ಕೆ ಕಟ್ಟಿದೆ. ಸುಡುಬಿಸಿಲು. ಎರಡನೇ ಪಂಕ್ತಿಗೆ ಬಂದು ನೋಡಿದರೆ ಒಂದು ಕವರೂ ಇಲ್ಲ. ಜನ ಕುಡಿಯೋಕೆ ಇಟ್ಟಿದ್ದಾರೆ ಅಂದುಕೊಂಡು, ಮೂಲೆ ಕಚ್ಚಿ ಕುಡಿದು ಮುಗಿಸಿದ್ದರು. ಒಬ್ಬ ಹಿರಿಯರು ಖಾಲಿ ಕವರು ನನ್ನ ಕೈಗೇ ಕೊಟ್ಟು ಹೇಳಿದರು: "ಊಟ ಚೆಂದಾಗಿತ್ತು ಕಣಪ್ಪ. ನೀರು ವಸಿ ತಣ್ಣಗಿರಬೇಕಿತ್ತು. ನೊಣ ಬ್ಯಾರೆ ಮುತ್ಕತವೆ, ಅದಕ್ಕೇನಾರ ಮಾಡಬಾರ್ದಾ?"

ಲೈಟು

ಮಳವಳ್ಳಿ ಕಡೆಯ ಒಂದು ಬೀಗರೂಟವನ್ನು ನೊಣದ ಕಾಟ ಬೇಡ ಅಂತಲೇ ಸಂಜೆಗೆ ಇಟ್ಟುಕೊಂಡಿದ್ದರು. ಮಧ್ಯಾಹ್ನ ಒಂದು ಮಳೆ ಹೊಯ್ದಿತ್ತು. ಸಂಜೆ ಲೈಟು ಹಾಕಿದ್ದೇ ತಡ, ಹುತ್ತದಿಂದ ಎದ್ದ ರೆಕ್ಕೆಯ ಈಸಲು ಹುಳ ಮೋಡದಂತೆ ಬಂದು ಅನ್ನದ ಗುಡ್ಡೆಯ ಮೇಲೆಲ್ಲ ಉದುರಿದವು.

"ಲೈಟಾರ್ಸಿ, ಲೈಟಾರ್ಸಿ" ಅಂತ ಯಜಮಾನರು ಕೂಗಿದರು. ಆರಿಸಿದೆವು. ಮೇಲಿನ ಅನ್ನ ತೆಗೆದು ಚೆಲ್ಲಿದೆ. ಆ ಮಬ್ಬಿನಲ್ಲಿ ಎಷ್ಟು ಹುಳ ಹೋದವು, ಎಷ್ಟು ಉಳಿದವು, ದೇವರಿಗೇ ಗೊತ್ತು. ಬೀಗರು ಹಸಿದು ಕೂತಿದ್ದರು. ಅಂದಾಜಿನ ಮೇಲೆ ಬಡಿಸಿದೆವು. ಅವರೇನಾದರೂ ಎಲೆ ಬಿಟ್ಟು ಎದ್ದರೆ ಹೊಸ ನಂಟಸ್ತಿಕೆಯೂ ಕೆಟ್ಟಿತು, ನನ್ನ ಹೆಸರೂ ಕೆಟ್ಟಿತು.

ಅಷ್ಟರಲ್ಲಿ ಹೆಣ್ಣಿನ ತಾತ ಕರೆದರು, "ಲೇ ಬಡಿಸೋನೇ, ಬಾಲಾ ಇಲ್ಲಿ."

ಹೋಗಿ ನಿಂತೆ.

"ಅನ್ನದ ಮ್ಯಾಲೆ ಗರಿಗರಿಯಾಗಿ ಅದೇನೋ ಉದುರ್ಸಿದ್ರಲ್ಲ, ಬಲ್ ಚೆಂದಾಗದೆ. ಇನ್ನೊಂದ್ ಸೌಟು ಹಾಕು ಕಣ್ಲಾ."

ಹಿಂದೆ ಅನ್ನದ ಬುಟ್ಟಿ ಹಿಡಿದು ನಿಂತಿದ್ದ ನನ್ನ ಭಾವಮೈದ ನಿಧಾನವಾಗಿ ಅಂದ: "ವಸಿ ತಡೀರಿ ತಾತ, ಲೈಟ್ ಹಾಕಿಸ್ತೀನಿ. ಅದೇ ಬತ್ತದೆ."