ಶುಕ್ರವಾರ ಮಾತ್ರ ಕೆಂಪಾಗುವ ಕರೆಂಟ್-ಹೋದ ಟೆಸ್ಟ್ ಅವರ ಸನ್ನಿಧಿಗೆ

ಮಾನ್ಯರೇ,

ಚಾಮರಾಜನಗರದ ನಮ್ಮ ಪುಟ್ಟ ಆಫೀಸಿನ ಮೂಲೆಯ ಯಂತ್ರದಲ್ಲಿ ಬಿಡಾರ ಹೂಡಿರುವ, ನೂರಾರು ಪರೀಕ್ಷೆಗಳ ಬಳಗದಲ್ಲಿ ಹಟಕ್ಕೆ ಹೆಸರಾದ, ಸೋಮವಾರದಿಂದ ಗುರುವಾರದವರೆಗೆ ಸಾಧುವಾಗಿಯೂ ಶುಕ್ರವಾರ ಮಧ್ಯಾಹ್ನ ವೀರಭದ್ರನಾಗಿಯೂ ದರ್ಶನ ಕೊಡುವ ತಮಗೆ, ತಮ್ಮ ಯೋಗಕ್ಷೇಮ ನೋಡಿಕೊಳ್ಳುವುದಕ್ಕೆಂದೇ ಸಂಬಳ ಪಡೆಯುವ ಪುಟ್ಟರಾಜು ಮಾಡುವ ನಮಸ್ಕಾರಗಳು. ಇಲ್ಲಿ ನಾವೆಲ್ಲ ಕ್ಷೇಮ. ತಾವು ಕ್ಷೇಮವೋ ಅಲ್ಲವೋ ಎಂಬುದು ದಿನಕ್ಕೊಂದು ಥರ ತೋರುವುದರಿಂದ ಈ ಪತ್ರ.

ಪತ್ರ ಬಹಿರಂಗವಾದದ್ದಾದ್ದರಿಂದ ದಾರಿಹೋಕರಿಗೂ ತಮ್ಮ ಪರಿಚಯವಿರಲಿ. ನಮ್ಮ ಸಂಸ್ಥೆ ಒಂದು ಡೇಟಾಬೇಸ್ ಸರ್ವರ್ ಮಾಡಿಕೊಂಡಿದೆ. ಅಂದರೆ ಸುತ್ತಲಿನ ಹಾಲಿನ ಡೇರಿ, ಬಾಳೆಮಂಡಿ, ಅರಿಶಿನದ ಗೋದಾಮುಗಳು ಕೊಟ್ಟ ವಿವರವನ್ನೆಲ್ಲ ಮರೆಯದೆ ಇಟ್ಟುಕೊಂಡು ಕೇಳಿದ ಕೂಡಲೇ ತೆಗೆದುಕೊಡುವ ಒಬ್ಬ ಉಗ್ರಾಣಿ. ಈ ಉಗ್ರಾಣಿಗೆ ಮರೆವು ಬಂದಿದೆಯೇ, ಸೋಮಾರಿತನ ಹತ್ತಿದೆಯೇ ಎಂದು ಕೆಣಕಿ ಕೆಣಕಿ ಕೇಳುವ ಪರೀಕ್ಷೆಗಳ ಬಳಗಕ್ಕೆ ಟೆಸ್ಟ್ ಸೂಟ್ ಎಂದು ಹೆಸರು. ಪಾಸಾದ ಪರೀಕ್ಷೆ ಪರದೆಯ ಮೇಲೆ ಹಸಿರು, ಫೇಲಾದದ್ದು ಕೆಂಪು. ತಮ್ಮ ಪಾಲಿನ ಕೆಲಸ ಎಲ್ಲಕ್ಕಿಂತ ಕ್ರೂರವಾದದ್ದು. ಸರ್ವರ್ ಬರೆಯುತ್ತಿರುವಾಗಲೇ, ಕರೆಂಟ್ ಹೋದಂತೆ ಅದನ್ನು ಥಟ್ಟನೆ ಕೊಂದು, ಮರುಗಳಿಗೆ ಎಬ್ಬಿಸಿ, "ಬರೆದುಕೊಂಡೆ" ಎಂದು ಅದು ಒಪ್ಪಿಕೊಂಡದ್ದೆಲ್ಲ ಉಳಿದಿದೆಯೇ, ಗಡುವಿನೊಳಗೆ ಎದ್ದು ಕೂತಿತೇ ಎಂದು ನೋಡುವುದು. ಡೇರಿಯ ಮುಂದೆ ಹಾಲಿನ ಕ್ಯಾನು ಹಿಡಿದು ನಿಂತವರ ಸಾಲನ್ನು ಒಮ್ಮೆ ಕಂಡವರು ಯಾರೂ ಈ ಕೆಲಸ ಬೇಡದ್ದು ಎನ್ನಲಾರರು. ನಾನೂ ಎನ್ನುವುದಿಲ್ಲ. ನನ್ನ ದೂರು ತಮ್ಮ ಕೆಲಸದ ಮೇಲಲ್ಲ, ತಾವು ಆರಿಸಿಕೊಂಡ ವಾರದ ಮೇಲೆ.

ಕನ್ನಡ ಮಾಧ್ಯಮದಲ್ಲಿ ಓದಿ, ಪರೀಕ್ಷೆ ಎಂದರೆ ಮಾರ್ಚ್ ತಿಂಗಳಲ್ಲಿ ಬಂದು ಹೋಗುವ ಜ್ವರ ಎಂದು ತಿಳಿದಿದ್ದ ನನಗೆ, ದಿನಾ ಪರೀಕ್ಷೆ ನಡೆಸಿ ದಿನಾ ಫಲಿತಾಂಶ ನೋಡುವ ಯೋಗ ನಲವತ್ತು ದಾಟಿದ ಮೇಲೆ ಒದಗಿತು. ತಮ್ಮ ಬಳಗದಲ್ಲಿ ಎಂತೆಂಥವರಿದ್ದಾರೆ! ಏನನ್ನೂ ಕೇಳದೆ, ಏನನ್ನೂ ನೋಡದೆ, ಎಲ್ಲದಕ್ಕೂ ಹೂಂ ಎಂದು ವರ್ಷಗಟ್ಟಲೆ ಹಸಿರಾಗಿಯೇ ಇರುವ ಮಹನೀಯರಿದ್ದಾರೆ. ಬರೆದವರು ಊರು ಬಿಟ್ಟು, ಏಕೆ ಬರೆದರೆಂದು ಯಾರಿಗೂ ತಿಳಿಯದೆ, ಮುಟ್ಟಿದರೆ ಏನಾಗುತ್ತದೋ ಎಂಬ ಭಯದಿಂದಲೇ ಪೂಜೆಗೊಳ್ಳುತ್ತಿರುವ ಹಿರಿಯರಿದ್ದಾರೆ. ತಾವು ಮಾತ್ರ ಒಂಟಿಯಾಗಿ ಓಡಿಸಿದರೆ ಸಂಭಾವಿತರು, ಗುಂಪಿನಲ್ಲಿ ಓಡಿಸಿದರೆ ಪುಂಡರು. ನಾನು ತಮ್ಮ ಮೇಲೊಂದು ಪದ್ಯವನ್ನೇ ಕಟ್ಟಿ ಗೋಡೆಗೆ ಅಂಟಿಸಿದ್ದೆ:

ಸೋಮವಾರ ಹಸಿರು,
ಶುಕ್ರವಾರ ಬುಸುರು;
ಹಸಿರು ಬಂದರೆ ಬಸ್ಸು,
ಕೆಂಪು ಬಂದರೆ ತುಸ್ಸು.

ಬಸ್ಸಿನ ವಿಷಯ ಹೇಳಲೇಬೇಕು. ಏಕೆಂದರೆ ನನ್ನ ಅಳಲು ಇರುವುದೇ ಅಲ್ಲಿ. ತಮ್ಮನ್ನು ಬರೆದು ಈ ಲೋಕಕ್ಕೆ ತಂದವಳು ನಯನಾ. ಗುಂಡ್ಲುಪೇಟೆಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ಹುಡುಗಿ. ವಾರವಿಡೀ ಎಲ್ಲರೂ ಮಾಡಿದ ಕೆಲಸವನ್ನು ಶುಕ್ರವಾರ ಮಧ್ಯಾಹ್ನ ಒಂದುಗೂಡಿಸಿ, ಇಡೀ ಟೆಸ್ಟ್ ಸೂಟ್ ಓಡಿಸಿ, ಎಲ್ಲ ಹಸಿರಾದ ಮೇಲಷ್ಟೇ ಗಿರಾಕಿಗಳಿಗೆ ಕಳಿಸುವುದು ನಮ್ಮ ಪದ್ಧತಿ. ಯಾರ ಟೆಸ್ಟು ಕೆಂಪೋ, ಅದು ಹಸಿರಾಗುವವರೆಗೆ ಅವರೇ ಕಾವಲು ಎನ್ನುವುದು ನಮ್ಮ ಯಜಮಾನರಾದ ಸೋಮೇಶ್ ಅವರ ಕಟ್ಟಪ್ಪಣೆ. ಅಂಥದ್ದೊಂದು ಶುಕ್ರವಾರ ಸಂಜೆ, ಶುಭವಾರವೆಂದು, ನಯನಾಳನ್ನು ನೋಡಲು ತೆರಕಣಾಂಬಿ ಕಡೆಯ ಗಂಡಿನವರು ಬರುವುದೆಂದು ಗೊತ್ತಾಗಿತ್ತು. ತಾವೂ ಶುಭವಾರವೆಂದೇ ಕೆಂಪು ಉಟ್ಟು ನಿಂತಿರಿ. ಸಂಜೆ ತಂಪಾದ ಮೇಲೆ, ಗುಂಡ್ಲುಪೇಟೆ ಬಸ್ಸು ಹೋದ ಮೇಲೆ, ಏನೂ ಆಗದವರಂತೆ ಹಸಿರಾದಿರಿ. ಹೆತ್ತವಳ ಮದುವೆಗೇ ಅಡ್ಡ ಮಲಗಿದ ಮಗು ಈ ಸೀಮೆಯಲ್ಲಿ ತಾವೊಬ್ಬರೇ ಇರಬೇಕು.

ಮುಂದಿನ ಶುಕ್ರವಾರವೂ ಅದೇ ಕೆಂಪು, ಅದೇ ಬಸ್ಸು, ಅದೇ ತುಸ್ಸು. ಅವತ್ತು ನಯನಾಳ ತಾಯಿ ಪುಟ್ಟಮಲ್ಲಮ್ಮನವರು ಫೋನಿನಲ್ಲಿ ಆಡಿದ್ದು, ಸ್ಪೀಕರಿನಲ್ಲಿ ಇಲ್ಲದಿದ್ದರೂ, ನಮಗೆಲ್ಲ ಕೇಳಿಸಿತು. "ಉಪ್ಪಿಟ್ಟು ಆರೋಯ್ತು, ಕಾಫಿ ಆರೋಯ್ತು, ಬಂದೋರೂ ಎದ್ದೋದ್ರು. ಇನ್ಯಾಕೆ ಗಂಡು? ಆ ಟೆಸ್ಟ್‌ಗೇ ಒಂದು ಹಾರ ಹಾಕ್ಬುಡು ಓಗು ಕಣಮ್ಮಿ." ಆ ತಾಯಿ ಬೈದದ್ದರಲ್ಲೇ ರೋಗದ ಮೂಲವಿತ್ತು. ನಮಗೆ ಮಾತ್ರ ಹೊಳೆಯಲಿಲ್ಲ.

ತಮ್ಮನ್ನು ಸರಿದಾರಿಗೆ ತರಲು ನಾವು ಮಾಡದ ಉಪಾಯವಿಲ್ಲ ಎಂಬುದನ್ನು ತಾವೂ ಒಪ್ಪುವಿರೆಂದು ನಂಬಿದ್ದೇನೆ. ತಮ್ಮ ಸರದಿ ಹಿಂದೆ ಮುಂದೆ ಮಾಡಿದೆವು. ಪಕ್ಕದ ಟೆಸ್ಟುಗಳ ಸಹವಾಸ ಕೆಟ್ಟದ್ದೆಂದು ಬೇರೆ ಕೂಡಿಸಿದೆವು. "ಇನ್ನೊಂದ್ಸಲ ಓಡ್ಸು, ನೋಡನ" ಎಂಬ ಮಂತ್ರವನ್ನು ಸೋಮೇಶ್ ಅವರು ಗಾಯತ್ರಿಗಿಂತ ಹೆಚ್ಚು ಜಪಿಸಿದರು. ಅದೂ ಫಲಿಸದಾಗ, ಗಡುವನ್ನೇ ಉದ್ದ ಮಾಡಿಬಿಡು, ಇಲ್ಲದಿದ್ದರೆ ಟೆಸ್ಟನ್ನೇ ಕಿತ್ತುಹಾಕು, ನಿನ್ನ ಮದುವೆಗಿಂತ ದೊಡ್ಡದೇನಮ್ಮ ಎಂದು ನಯನಾಳಿಗೆ ಧಾರಾಳವಾಗಿ ನುಡಿದರು. ಬಸ್ಸು ಹಿಡಿಯಲು ಅವಳಿಗಿದ್ದ ದಾರಿ ಅದೊಂದೇ. ಆದರೆ ತಮ್ಮ ತಾಯಿ ತಮಗಿಂತ ಹಟಮಾರಿ. "ಗಡುವು ಉದ್ದ ಮಾಡ್ಬೋದು ಸಾರ್. ಡೇರಿ ಮುಂದೆ ನಿಂತೋರ ಬಾಯಿ ಚಿಕ್ಕದು ಮಾಡಕಾಯ್ತದಾ?" ಎಂದು ಕೇಳಿ, ಬಸ್ಸು ಬಿಟ್ಟಳೇ ಹೊರತು ತಮ್ಮನ್ನು ಬಿಡಲಿಲ್ಲ.

ಇನ್ನು ಪೂಜೆಯ ಮಾತು. ಪ್ರತಿ ಶುಕ್ರವಾರ ಊಟಕ್ಕೆ ಮುಂಚೆ ತಮ್ಮ ಯಂತ್ರಕ್ಕೆ ಮೂರು ಎಳೆ ವಿಭೂತಿ ಬಳಿದು, ಊದುಬತ್ತಿ ಹಚ್ಚಿ, ತೋಳು ದಪ್ಪದ ಚೆಂಡು ಹೂವಿನ ಹಾರ ಏರಿಸುವುದು ಸೋಮೇಶ್ ಅವರ ತಂದೆಯ ಕಾಲದಿಂದ, ಅಂದರೆ ಆ ಜಾಗದಲ್ಲಿ ಅವರ ಹಿಟ್ಟಿನ ಗಿರಣಿ ಇದ್ದ ಕಾಲದಿಂದ, ತಪ್ಪದೆ ನಡೆದುಬಂದ ವ್ರತ. ಹೂವು ಗುಂಡ್ಲುಪೇಟೆಯಲ್ಲೇ ತಾಜಾ ಸಿಗುವುದೆಂದು ಹಾರ ತರುವ ಕೆಲಸ ನಯನಾಳದ್ದೇ. ತಾವು ಕೆಂಪಾದಷ್ಟೂ ನಮ್ಮ ಭಕ್ತಿ ಹೆಚ್ಚಿತು, ಭಕ್ತಿ ಹೆಚ್ಚಿದಷ್ಟೂ ಹಾರ ದಪ್ಪವಾಯಿತು, ಹಾರ ದಪ್ಪವಾದಷ್ಟೂ ತಾವು ಕೆಂಪಾದಿರಿ. ಇಷ್ಟು ಅಚ್ಚುಕಟ್ಟಾಗಿ ಸುತ್ತಿದ ಚಕ್ರವನ್ನು ನಾನು ಗಾಣದಲ್ಲೂ ಕಂಡಿಲ್ಲ.

ಓಣಂ ವಾರದ ಶುಕ್ರವಾರ ನಯನಾ ಬರಿಗೈಯಲ್ಲಿ ಬಂದಳು. "ಹೂವೆಲ್ಲ ಕೇರಳಕ್ಕೆ ಹೊಂಟೋಯ್ತು ಸಾರ್, ಒಂದು ಮೊಳನೂ ಸಿಗ್ಲಿಲ್ಲ" ಎಂದಳು. ಸೋಮೇಶ್ ಅವರು ಅರೆಮನಸ್ಸಿನಿಂದ ಒಂದು ಬಿಲ್ವಪತ್ರೆ ಏರಿಸಿ ಕೈಮುಗಿದರು. ತಾವು ಮೊದಲ ಓಟಕ್ಕೇ ಹಸಿರು! ಬಿಲ್ವದ ಮಹಿಮೆ ಚೆಂಡು ಹೂವಿಗೆಲ್ಲಿ ಬರಬೇಕು ಎಂದು ಸೋಮೇಶ್ ಅವರು ನಮಗೆಲ್ಲ ಬಾದಾಮಿ ಹಾಲು ಕುಡಿಸಿದರು. ನಯನಾ ಬಸ್ಸು ಹಿಡಿದಳು, ಸೀರೆ ಉಟ್ಟಳು, ಉಪ್ಪಿಟ್ಟೂ ಬಿಸಿಯಾಗಿತ್ತು. ಬರಬೇಕಾದ ಗಂಡು ಮಾತ್ರ ಬರಲಿಲ್ಲ. ಶರತ್ ಎಂಬ ಆ ಹುಡುಗನ ಮನೆಯವರು ಚೆಂಡು ಹೂವು ಬೆಳೆಯುವವರು. ಕೇರಳದವರು ಇನ್ನೊಂದು ಲೋಡು ಬೇಕೆಂದದ್ದರಿಂದ ಅವನು ಅವತ್ತು ಹೂವಿನ ಲಾರಿ ಹತ್ತಿ ಘಟ್ಟ ಇಳಿದಿದ್ದ. ಹೂವಿದ್ದಾಗ ಹುಡುಗಿಯಿಲ್ಲ, ಹುಡುಗಿಯಿದ್ದಾಗ ಹೂವಿಲ್ಲ. ಈ ಒಂದು ಸಲ ತಮ್ಮ ತಪ್ಪಿರಲಿಲ್ಲವೆಂದು ದಾಖಲಿಸಲು ನನಗೆ ಸಂತೋಷ.

ಅದರ ಮುಂದಿನ ಶುಕ್ರವಾರಕ್ಕೆ ಗಂಡಿನವರು ಇದೇ ಕೊನೆ ಎಂದು ಹೇಳಿ ಕಳಿಸಿದ್ದರು. ಸೋಮೇಶ್ ಅವರು ಯಾವ ಅಪಾಯಕ್ಕೂ ಎಡೆಕೊಡದೆ ಹಾರ, ಬಿಲ್ವ ಎರಡನ್ನೂ ಏರಿಸಿದರು. ತಾವು ಕೆಂಪೆಂದರೆ ಕೆಂಪು. ಮತ್ತೆ ಓಡಿಸಿದೆವು, ಮತ್ತೆ ಕೆಂಪು. ಬಸ್ಸಿನ ಹೊತ್ತಾಗುತ್ತಿತ್ತು. ನಯನಾ ಎದ್ದು ಹೋದಳು. ಸಿಟ್ಟಿನಲ್ಲಿ ಯಂತ್ರದ ನೆತ್ತಿಗೆ ಒಂದು ಬಾರಿಸಲು ಹೋದವಳು ಕೈ ಹಿಂದಕ್ಕೆಳೆದುಕೊಂಡಳು. ಅದು ದೋಸೆ ಕಾವಲಿಯ ಹಾಗೆ ಕಾದಿತ್ತು. ಅವಳು ಹಾರ ನೋಡಿದಳು. ಹಾರದ ಹಿಂದೆ, ಯಂತ್ರ ಗಾಳಿ ಎಳೆದುಕೊಳ್ಳುವ ಜಾಲರಿ ನೋಡಿದಳು. ಆ ಜಾಲರಿಯ ಮೂಗು, ಬಾಯಿ ಎರಡನ್ನೂ ಮುಚ್ಚಿ ಹಾರ ತಣ್ಣಗೆ ಕೂತಿತ್ತು. ಉಸಿರು ಸಿಕ್ಕದ ಯಂತ್ರ ಕಾದು, ಕಾದದ್ದಕ್ಕೆ ನಿಧಾನವಾಗಿ, ಇಡೀ ಬಳಗದಲ್ಲಿ ಗಡಿಯಾರ ಹಿಡಿದು ಕೂತವರು ತಾವೊಬ್ಬರೇ ಆದ್ದರಿಂದ ತಾವೊಬ್ಬರೇ ಕೂಗಿಕೊಳ್ಳುತ್ತಿದ್ದಿರಿ.

"ಅಮ್ಮಯ್ಯ, ಪೂಜೆ ಹಾರ ಕಣಮ್ಮ, ಕೀಳ್ಬ್ಯಾಡ!" ಎಂದು ಸೋಮೇಶ್ ಅವರು ಕೂಗುವಷ್ಟರಲ್ಲಿ ಹಾರ ಅವಳ ಬ್ಯಾಗಿನಲ್ಲಿತ್ತು. ಬೀಸಣಿಗೆ ನಾನು ಹಿಡಿದೆ. ತುಸು ಆರಿದ ಮೇಲೆ ಓಡಿಸಿದರೆ, ಹಸಿರು. ನಯನಾ ಓಡುತ್ತ ಹೋಗಿ, ಹೊರಟ ಬಸ್ಸನ್ನು ಕೂಗಿ ನಿಲ್ಲಿಸಿ ಹತ್ತಿದಳು.

ಮುಂದಿನದ್ದು ಸೋಮವಾರ ಕಾಫಿ ಹೊತ್ತಿನಲ್ಲಿ ಅವಳೇ ಹೇಳಿದ್ದು. ಸೀರೆ ಉಡಲೂ ಪುರುಸೊತ್ತಿಲ್ಲದೆ ಬ್ಯಾಗಿನ ಸಮೇತ ನಡುಮನೆಗೆ ನುಗ್ಗಿದಾಗ, ಆಚೆ ಇಣುಕುತ್ತಿದ್ದ ಹಾರವನ್ನು ಶರತ್ ನೋಡಿ, "ಇದು ನಮ್ ಹೊಲದ್ ಹೂವಿದ್ದಂಗದೆ. ಆಫೀಸ್ನಲ್ಲಿ ಹೂವಿಗೇನ್ ಕೆಲ್ಸ?" ಎಂದನಂತೆ. "ಬಸ್ ತಪ್ಸೋ ಕೆಲ್ಸ" ಎಂದಳಂತೆ ನಯನಾ. ಅವನು ನಕ್ಕನಂತೆ. ಪುಟ್ಟಮಲ್ಲಮ್ಮನವರು ಉಪ್ಪಿಟ್ಟನ್ನು ಇನ್ನೊಂದು ಸಲ ಬಿಸಿ ಮಾಡಿದರಂತೆ.

ಹೀಗೆ ಸತ್ಯವನ್ನೇ ನುಡಿದ ತಮ್ಮನ್ನು ಹೊಗಳಬೇಕಾದ ಈ ಗಳಿಗೆಯಲ್ಲೂ ನನ್ನದೊಂದು ಕೊರಗು. ಶುಕ್ರವಾರದ ಮೇಲೆ ಶುಕ್ರವಾರ ತಾವು ಹೇಳಿದ್ದು "ಗಡುವು ಮೀರಿದೆ" ಎಂಬ ಎರಡೇ ಪದ. "ಸೆಕೆ" ಎಂದು ಒಂದೇ ಪದ ಹೇಳಿದ್ದರೆ ಸಾಕಾಗಿತ್ತಲ್ಲ! ಆದ್ದರಿಂದ ಸವಿನಯ ಕೋರಿಕೆ: ಇನ್ನು ಮುಂದೆ ಕೆಂಪಾಗುವ ಮನಸ್ಸಾದರೆ ತಾವು ಹಿಂದಿನ ದಿನವೇ ರಜಾ ಅರ್ಜಿಯಂತೆ ಒಂದು ಚೀಟಿ ಕೊಟ್ಟು, ನೋವು ಸರ್ವರಿನದೋ ಯಂತ್ರದ್ದೋ ಮನಸ್ಸಿನದೋ ಎಂದು ನಮೂದಿಸಿ, ಗುಂಡ್ಲುಪೇಟೆ ಬಸ್ಸಿನ ಹೊತ್ತನ್ನು ವಿಚಾರಿಸಿಕೊಂಡು, ಸಾಧ್ಯವಾದರೆ ಪ್ರಾಸಬದ್ಧವಾಗಿ ಕೆಂಪಾಗಬೇಕೆಂದು ಪ್ರಾರ್ಥನೆ. ನಮ್ಮ ಕಡೆಯಿಂದ, "ಇನ್ನೊಂದ್ಸಲ ಓಡ್ಸು" ಎನ್ನುವ ಮೊದಲು, ಮಗುವಿಗೆ ಜ್ವರ ಬಂದಿದೆಯೇ ಎಂದು ನೋಡುವಂತೆ, ಯಂತ್ರವನ್ನು ಹಿಂಗೈಯಿಂದ ಮುಟ್ಟಿ ನೋಡುವುದೆಂದು ಸೋಮೇಶ್ ಅವರು ಹೊಸ ವ್ರತ ಹಿಡಿದಿದ್ದಾರೆ. ಹಾರ ಈಗ ಗೋಡೆಯ ಮೇಲಿನ ಅವರ ತಂದೆಯ ಫೋಟೋಗೆ ಹೋಗುತ್ತದೆ. ಅವರಿಗೆ ಗಾಳಿಯ ಅಗತ್ಯವಿಲ್ಲ.

ಮೊದಲು ಮುಟ್ಟಿ, ಆಮೇಲೆ ಬೈಯುವುದಾಗಿ ಮಾತು ಕೊಡುವ,

ತಮ್ಮ ವಿಶ್ವಾಸಿ,
ಪುಟ್ಟರಾಜು
(ಹಸಿರಿಗೆ ಕಾದು ಕೂತು ಹಣ್ಣಾದವನು)

ಮರೆತ ಮಾತು: ಬರುವ ಶುಕ್ರವಾರ ಗುಂಡ್ಲುಪೇಟೆಯಲ್ಲಿ ನಯನಾ-ಶರತ್ ನಿಶ್ಚಿತಾರ್ಥ. ಆಫೀಸಿಗೆ ಆಫೀಸೇ ಹೋಗುವುದರಿಂದ ತಮ್ಮನ್ನು ಗುರುವಾರವೇ ಓಡಿಸಲಾಗುವುದು. ತೋಳು ದಪ್ಪದ ಎರಡು ಹಾರಗಳನ್ನು ಗಂಡಿನವರೇ ತಮ್ಮ ಹೊಲದಿಂದ ತರುತ್ತಾರೆ. ಅವು ಬೀಳುವುದು ಬೇರೆ ಕೊರಳುಗಳಿಗೆ; ಅಲ್ಲಿ ಯಾರಿಗಾದರೂ ಬಿಸಿಯೇರಿದರೆ, ಯಾರಾದರೂ ಕೆಂಪಾದರೆ, ಅದು ಅವರವರ ಸಂಸಾರದ ವಿಷಯ. ತಾವು ದಯವಿಟ್ಟು ತಲೆಹಾಕಬಾರದು.