ಕಿವಿಯಿಂದ ಅಡುಗೆ ಮಾಡುವ ನಮ್ಮತ್ತೆ

ನಮ್ಮತ್ತೆ ಅಡುಗೆ ಮಾಡುವುದು ಕೈಯಿಂದಲ್ಲ, ಕಿವಿಯಿಂದ! ನಗಬೇಡಿ. ಅತ್ತೆ ಎಂದರೆ ಗಂಡನ ತಾಯಿಯಲ್ಲ, ನಮ್ಮಪ್ಪನ ಅಕ್ಕ. ಇರುವುದು ಗೊಳಸಂಗಿಯಲ್ಲಿ. ಆಕೆ ಗಡಿಯಾರ ನೋಡುವುದಿಲ್ಲ, ಮುಚ್ಚಳ ತೆಗೆದು ಇಣುಕುವುದಿಲ್ಲ. ಮೂಗನ್ನಂತೂ ನಶ್ಯಕ್ಕೆ ಬಿಟ್ಟುಕೊಟ್ಟು ಎಷ್ಟೋ ವರ್ಷವಾಯಿತು. ಒಲೆಗೆ ಬೆನ್ನು ಮಾಡಿ ಕೂತು ಮೆಂತ್ಯಸೊಪ್ಪು ಬಿಡಿಸುತ್ತಲೇ, "ಬ್ಯಾಳಿ ಬೆಂದಾವ, ಇಳಸ್ರಿ" ಎನ್ನುತ್ತಾಳೆ. ನೋಡಿದರೆ ಬೆಂದೇ ಇರುತ್ತವೆ! ಈ ವಿದ್ಯೆ ಆಕೆಗೆ ಅಜ್ಜಿಯಿಂದ ಬಂದದ್ದು. ಕಣ್ಣು ಮಂಜಾಗಿದ್ದ ಆ ಅಜ್ಜಿ ಹೊಗೆ ತುಂಬಿದ ಅಡುಗೆಮನೆಯಲ್ಲಿ ಕಿವಿಯನ್ನೇ ನಂಬಿದ್ದಳಂತೆ.

ಅಡುಗೆಗಷ್ಟೇ ನಿಂತಿದ್ದರೆ ಚೆನ್ನಾಗಿತ್ತು. ನನ್ನನ್ನು ನೋಡಲು ಸಿಂದಗಿಯಿಂದ ಒಬ್ಬ ವರ ಬಂದಿದ್ದ. ನೌಕರಿ, ಹೊಲ, ಮನೆ ಎಲ್ಲ ಇತ್ತು. ಅತ್ತೆ ಬಾಗಿಲ ಮರೆಯಲ್ಲಿ ನಿಂತು ಆತ ಖಡಕ್ ರೊಟ್ಟಿ ಮುರಿಯುವುದನ್ನು ಕೇಳಿದಳು. "ಬ್ಯಾಡ. ರೊಟ್ಟಿ ಮ್ಯಾಲ ಅಷ್ಟ ಸಿಟ್ಟ ಮಾಡಾಂವ ಹೆಂಡ್ತಿನ್ನ ಬಿಟ್ಟಾನೇನು?" ಸಂಬಂಧ ಅಲ್ಲಿಗೇ ಮುರಿಯಿತು!

ಆಮೇಲೆ ಇಂಡಿಯಿಂದ ನಮ್ಮವರು ಬಂದರು. ರೊಟ್ಟಿಯನ್ನು ಮೊಸರಿನಲ್ಲಿ ನೆನೆಸಿ, ಸದ್ದಿಲ್ಲದೆ ಉಂಡರು. "ಭಾಳ ಶಾಂತ ಮನಷ್ಯಾ, ಕೊಟ್ಟಬಿಡ್ರಿ" ಎಂದು ಅಪ್ಪಣೆಯಾಯಿತು. ಆ ದಿನ ಅವರಿಗೆ ಹಲ್ಲುನೋವಿತ್ತೆಂದು ನನಗೆ ಗೊತ್ತಾದದ್ದು ಮದುವೆಯ ನಂತರ!

ಇಂಡಿಯಲ್ಲಿ ನನ್ನ ರೊಟ್ಟಿಗಳು ದಿನವೂ ಹರಿಯುತ್ತಿದ್ದವು. ಅತ್ತೆಗೆ ಫೋನ್ ಮಾಡಿದೆ.

"ಫೋನ್ ಬಾಜೂಕ ಇಟ್ಟ ರೊಟ್ಟಿ ಬಡಿ."

ಬಡಿದೆ.

"ಹಿಟ್ಟ ಇನ್ನೂ ನಾದಬೇಕು. ಮೊದಲ ಕೈಯಾಗಿನ ಆ ಬಳಿ ತಗಿ, ಅದರ ಗದ್ದಲದಾಗ ರೊಟ್ಟಿ ಮಾತು ಕೇಳವಲ್ದು!"

ನಾದಿದೆ. ಅವತ್ತು ರೊಟ್ಟಿ ಹರಿಯಲಿಲ್ಲ. ಈಗ ನೀವೇ ಹೇಳಿ, ಇಂಥವಳನ್ನು ಏನೆನ್ನಬೇಕು?

ಹೋದ ವರ್ಷದಿಂದ ಆಕೆ ಫೋನ್ ಎತ್ತುವುದನ್ನೇ ಬಿಟ್ಟಳು. ಕಾರಣ ಕೇಳಿ ಕಳಿಸಿದರೆ, ಊರಲ್ಲಿ ಟವರ್ ಸಿಗುವುದಿಲ್ಲವಂತೆ. ಟವರ್ ಇರುವುದು ಆಕೆಯ ಹಿತ್ತಲ ಗೋಡೆಯ ಆಚೆಗೇ!

ಎಳ್ಳ ಅಮಾವಾಸ್ಯೆಗೆ ಗೊಳಸಂಗಿಗೆ ಹೋದೆ. ಹೊಲಕ್ಕೆ ಬುತ್ತಿ ಕಟ್ಟುವ ಗಡಿಬಿಡಿ. ಆಕೆಯ ಸೊಸೆ ಪಡಸಾಲೆಯಲ್ಲಿ ಸಜ್ಜೆ ರೊಟ್ಟಿ ಅಡಕುತ್ತಿದ್ದಳು. ಅತ್ತೆ ಎಂದಿನಂತೆ ಒಲೆಗೆ ಬೆನ್ನು ಮಾಡಿ ಶೇಂಗಾ ಸುಲಿಯುತ್ತಿದ್ದಳು. ಬೆನ್ನ ಹಿಂದೆ ಪುಂಡಿಪಲ್ಯದ ಒಗ್ಗರಣೆಗೆ ಹಾಕಿದ್ದ ಬೆಳ್ಳುಳ್ಳಿ ಚುರುಗುಟ್ಟಿ, ಕೆಂಪಾಗಿ, ಕರಿಯಾಗತೊಡಗಿತು. ಆಕೆ ತಿರುಗಲೇ ಇಲ್ಲ. "ಅತ್ತೀ!" ಎಂದೆ. ಅದಕ್ಕೂ ತಿರುಗಲಿಲ್ಲ.

ನಾನೇ ಹೋಗಿ ಬಾಣಲೆ ಇಳಿಸಿದೆ. ಆಗ ನೋಡಿದಳು. ಬಾಣಲೆ ನೋಡಿದಳು, ನನ್ನ ಮುಖ ನೋಡಿದಳು.

"ಸೊಸಿಗಿ ಹೇಳಬ್ಯಾಡ" ಎಂದಳು, ಬಹಳ ಮೆಲ್ಲಗೆ. "ಒಲಿ ಮುಂದಿಂದ ಎಬ್ಬಸ್ತಾರ ನನ್ನ."

ನಾನು ಬೇರೆ ಬೆಳ್ಳುಳ್ಳಿ ಜಜ್ಜಿ, ಆಕೆಯ ಪಕ್ಕದಲ್ಲಿ ಕೂತೆ. ಸಾಸಿವೆ ಸಿಡಿದಾಗ ಆಕೆಯ ಮೊಣಕಾಲು ಮುಟ್ಟಿದೆ. ಬೆಳ್ಳುಳ್ಳಿ ಹದಕ್ಕೆ ಬಂದಾಗ ಇನ್ನೊಮ್ಮೆ. ಆಕೆ ಪಲ್ಯ ಸುರಿದಳು. ಹೀಗೆಯೇ ಇಡೀ ಅಡುಗೆ ಮುಗಿಯಿತು.

ಹೊಲದಲ್ಲಿ ಉಂಡವರೆಲ್ಲ ಪಲ್ಯ ಎರಡೆರಡು ಸಲ ಹಾಕಿಸಿಕೊಂಡರು. ಸೊಸೆ, "ನಿಮ್ಮ ಕೈ ರುಚಿ ನಮಗ್ಯಾಕ ಬರೂದಿಲ್ರಿ ಅತ್ತಿ?" ಎಂದಳು. ಅತ್ತೆಗೆ ಅದು ಕೇಳಿಸಲಿಲ್ಲ, ಆದರೂ ನಕ್ಕಳು.

ಸಂಜೆ ಬಸ್ಸಿನ ತನಕ ಬಂದು ಕೇಳಿದಳು: "ಯವ್ವಾ, ಮುಂದಿನ ಹಬ್ಬಕ್ಕ ಬರ್ತೀಯಿಲ್ಲೋ?"

"ಬರ್ತೇನತ್ತಿ" ಎಂದೆ. ಆಕೆ ಇನ್ನೂ ನನ್ನ ತುಟಿಯನ್ನೇ ನೋಡುತ್ತಿದ್ದಳು. ಬಗ್ಗಿ ಆಕೆಯ ಮೊಣಕಾಲು ಮುಟ್ಟಿದೆ.